ಝೋನ್ ಒಡೆಯುವುದು ಮಧ್ಯದಿಂದ

14 ವರ್ಷದೊಳಗಿನವರ ಕ್ರೀಡಾಕೂಟದಲ್ಲಿ ಬಾಸ್ಕೆಟ್‌ಬಾಲ್ ಕೋರ್ಟಿನ ಪಕ್ಕ ನಿಂತರೆ ಝೋನ್, ಅಂದರೆ ಒಬ್ಬೊಬ್ಬ ಎದುರಾಳಿಯ ಬದಲು ಒಂದೊಂದು ಜಾಗ ಕಾಯುವ ಡಿಫೆನ್ಸ್, ಕಣ್ಣಿಗೆ ಬೀಳಲು ಹೆಚ್ಚು ಹೊತ್ತು ಬೇಕಿಲ್ಲ. ಬಾಲ್ ಕೈತಪ್ಪಿದ ಕೂಡಲೇ ಐವರೂ ಹಿಂದಕ್ಕೆ ಓಡಿ, ಮುಂದೆ ಇಬ್ಬರು ಹಿಂದೆ ಮೂವರಾಗಿ ರಿಂಗಿನ ಸುತ್ತ ಜಾಗ ಹಿಡಿದು ಕೈ ಎತ್ತಿ ನಿಲ್ಲುತ್ತಾರೆ. ಅಟ್ಯಾಕ್ ಮಾಡಬೇಕಾದವರು ಹೊರಗೆ ಕಮಾನಿನ ಹಾಗೆ ನಿಂತು ಬಾಲನ್ನು ಈ ಕಡೆಯಿಂದ ಆ ಕಡೆಗೆ, ಆ ಕಡೆಯಿಂದ ಈ ಕಡೆಗೆ ದಾಟಿಸುತ್ತಾರೆ. ನಾಲ್ಕೈದು ಪಾಸ್ ಆಗುವಷ್ಟರಲ್ಲಿ ಯಾರಿಗೋ ತಾಳ್ಮೆ ತಪ್ಪುತ್ತದೆ, ದೂರದಿಂದ ಎಸೆದುಬಿಡುತ್ತಾನೆ. ಬಾಲ್ ರಿಂಗಿಗೂ ತಾಗದೆ ಆಚೆ ಬೀಳುತ್ತದೆ.

ಝೋನ್ ಆಡಿಸುವ ಕೋಚ್‌ಗೆ ಬೇಕಾಗಿರುವುದು ಇದೇ. ಹನ್ನೆರಡು-ಹದಿಮೂರರ ಮಕ್ಕಳ ಕೈಯಲ್ಲಿ ದೂರದ ಶಾಟ್ ಇನ್ನೂ ಕೂತಿರುವುದಿಲ್ಲ. ಜೊತೆಗೆ ಬಯಲಿನ ಸಿಮೆಂಟ್ ಕೋರ್ಟು, ಗಾಳಿ, ಬಿಸಿಲು. ತಂಡದಲ್ಲಿ ಉದ್ದನೆಯ ಹುಡುಗ ಒಬ್ಬನಿದ್ದರೆ ಅವನನ್ನು ರಿಂಗಿನ ಕೆಳಗೆ ನಿಲ್ಲಿಸಿದರಾಯಿತು. ನಾವು ಆಡುವ ಫೀಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆ) ನಿಯಮದಲ್ಲಿ ಪೇಂಟಿನೊಳಗೆ, ಅಂದರೆ ರಿಂಗಿನ ಮುಂದೆ ಗೆರೆ ಹಾಕಿದ ಜಾಗದೊಳಗೆ, ಮೂರು ಸೆಕೆಂಡಿಗಿಂತ ಹೆಚ್ಚು ನಿಲ್ಲಬಾರದೆಂಬ ಲೆಕ್ಕ ಅಟ್ಯಾಕ್ ಮಾಡುವವರಿಗೆ ಮಾತ್ರ, ಡಿಫೆಂಡರ್ ಅಲ್ಲಿ ಎಷ್ಟು ಹೊತ್ತು ಬೇಕಾದರೂ ನಿಲ್ಲಬಹುದು. ಮೊಬೈಲಿನಲ್ಲಿ ಅಮೆರಿಕದ ವೃತ್ತಿಪರ ಲೀಗ್ ಎನ್‌ಬಿಎ ನೋಡುವ ಮಕ್ಕಳು ಇಲ್ಲಿ ಗೊಂದಲಕ್ಕೆ ಬೀಳುತ್ತಾರೆ. "ಸರ್, ಅವನು ಒಳಗೇ ನಿಂತಿದಾನಲ್ಲ, ತ್ರೀ ಸೆಕೆಂಡ್ಸ್ ಕೊಡಲ್ವಾ?" ಎಂಬ ಪ್ರಶ್ನೆ ಬಂದೇ ಬರುತ್ತದೆ. ಎನ್‌ಬಿಎ 2001-02ರ ಸೀಸನ್ನಿನಿಂದ ಝೋನ್‌ಗೆ ಅನುಮತಿ ಕೊಟ್ಟಾಗ ಅದರ ಜೊತೆಗೇ ಡಿಫೆಂಡರ್‌ಗೂ ಮೂರು ಸೆಕೆಂಡಿನ ಕಟ್ಟು ಹಾಕಿತು. ನಮ್ಮಲ್ಲಿ ಆ ಕಟ್ಟು ಇಲ್ಲ. ಅಮೆರಿಕದಲ್ಲಿ ಎನ್‌ಬಿಎ ಮತ್ತು ಯುಎಸ್ಎ ಬಾಸ್ಕೆಟ್‌ಬಾಲ್ ಸೇರಿ ಮಕ್ಕಳಿಗಾಗಿ ಮಾಡಿರುವ ಮಾರ್ಗಸೂಚಿ 11 ವರ್ಷದವರೆಗೆ ಝೋನ್ ಬೇಡ ಎನ್ನುತ್ತದೆ. ಒಳ್ಳೆಯ ಮಾತೇ. ಆದರೆ ಎದುರಿನವರು ಹಾಕಿಕೊಂಡು ನಿಂತಾಗ ಮಾರ್ಗಸೂಚಿ ತೋರಿಸಿ ಪ್ರಯೋಜನವಿಲ್ಲ.

ಝೋನ್ ಒಡೆಯಲು ಶೂಟರ್ ಬೇಕು ಎಂಬುದು ಎಲ್ಲರ ಬಾಯಲ್ಲಿರುವ ಮಾತು. ಶೂಟರ್ ಇದ್ದರೆ ಬೇಡ ಅನ್ನುವುದಿಲ್ಲ. ಆದರೆ 12ರಿಂದ 15ರ ಮಕ್ಕಳ ಆಟದಲ್ಲಿ ಝೋನ್ ನಿಜವಾಗಿ ಬಿರಿಯುವುದು ಐವರ ನಡುವೆ ಬಾಲ್ ಹಿಡಿದು, ಗಾಬರಿಯಾಗದೆ ತಿರುಗಿ ನೋಡಬಲ್ಲ ಒಬ್ಬನಿಂದ. ನಾವು ಕಲಿಸುವುದೆಲ್ಲ ಆ ಒಂದು ಕ್ಯಾಚಿನ ಸುತ್ತಲೇ.

ಗುರುತು ಹಿಡಿಯುವುದು

ಎದುರಿನವರು ಆಡುತ್ತಿರುವುದು ಝೋನೋ ಮ್ಯಾನ್-ಟು-ಮ್ಯಾನೋ (ಒಬ್ಬೊಬ್ಬ ಎದುರಾಳಿಯನ್ನು ಒಬ್ಬೊಬ್ಬ ಹಿಂಬಾಲಿಸಿ ಕಾಯುವುದು) ಎಂಬುದೇ ಮಕ್ಕಳಿಗೆ ಎಷ್ಟೋ ಹೊತ್ತು ತಿಳಿಯುವುದಿಲ್ಲ. ಬೆಂಚಿನಿಂದ "ಝೋನ್, ಝೋನ್" ಎಂದು ಕೂಗಿದರೆ ಆ ಹೊತ್ತಿಗೆ ತಿಳಿಯುತ್ತದೆ, ಮುಂದಿನ ಪಂದ್ಯಕ್ಕೆ ಮತ್ತೆ ಅದೇ ಕಥೆ. ಅದಕ್ಕೊಂದು ಪರೀಕ್ಷೆ ಇದೆ. ಬಾಲ್ ತಂದು ಆಟ ನಡೆಸುವ ಪಾಯಿಂಟ್ ಗಾರ್ಡ್ ವಿಂಗಿಗೆ, ಅಂದರೆ ಬದಿಯಲ್ಲಿ ನಿಂತವನಿಗೆ, ಪಾಸ್ ಕೊಟ್ಟು, ತಾನು ನೇರ ಪೇಂಟಿನೊಳಗಿಂದ ಹಾದು ಎದುರು ಬದಿಯ ಕಾರ್ನರ್‌ಗೆ (ಕೋರ್ಟಿನ ಮೂಲೆಗೆ) ಓಡಬೇಕು. ಅವನ ಮುಂದಿದ್ದ ಡಿಫೆಂಡರ್ ಕಾರ್ನರ್‌ವರೆಗೂ ಹಿಂದೆ ಬಂದರೆ ಮ್ಯಾನ್-ಟು-ಮ್ಯಾನ್. ಎರಡು ಹೆಜ್ಜೆ ಬಂದು ಬೇರೆಯವನಿಗೆ ಬಿಟ್ಟುಕೊಟ್ಟು ತನ್ನ ಜಾಗಕ್ಕೆ ಮರಳಿದರೆ ಝೋನ್. ಹೊರಗೆ ಉಳಿದವರು ಆ ಡಿಫೆಂಡರನ ಮುಖ ನೋಡಬೇಕು: ಝೋನ್ ಆಡುವವನ ಕಣ್ಣು ಮನುಷ್ಯನ ಮೇಲಿರುವುದಿಲ್ಲ, ಬಾಲ್ ಮೇಲಿರುತ್ತದೆ.

ಈ ಪರೀಕ್ಷೆ ಮುಗಿದ ಮೇಲೆ ಮುಂದೆ ಎಷ್ಟು ಜನ ನಿಂತಿದ್ದಾರೆ ಎಂದು ಎಣಿಸಬೇಕು. ಇಬ್ಬರಿದ್ದರೆ ನಾವು ಟಾಪ್‌ನಲ್ಲಿ, ಅಂದರೆ ರಿಂಗಿನ ನೇರ ಎದುರು ಹೊರಗಡೆ, ಒಬ್ಬನನ್ನು ನಿಲ್ಲಿಸುತ್ತೇವೆ, ಒಬ್ಬನಿದ್ದರೆ ಇಬ್ಬರನ್ನು. ಅವರ ಎದುರಿಗಲ್ಲ, ಅವರ ನಡುವೆ ನಮ್ಮ ಹುಡುಗ ಸಿಗಬೇಕು ಎಂಬುದಷ್ಟೇ ಇದರ ಹಿಂದಿನ ಲೆಕ್ಕ. ಮೂವರು ಮುಂದೆ ನಿಂತಾಗಲೂ ಟಾಪ್‌ನಲ್ಲಿ ನಮ್ಮವರು ಇಬ್ಬರೇ.

ಎಲ್ಲಕ್ಕಿಂತ ಸುಲಭದ ದಾರಿ ಝೋನ್ ಕಟ್ಟುವ ಮೊದಲೇ ನುಗ್ಗುವುದು. ಐವರೂ ತಮ್ಮ ತಮ್ಮ ಜಾಗಕ್ಕೆ ಸೇರಿದರೆ ಮಾತ್ರ ಝೋನ್, ಮೂವರು ಬಂದು ಇಬ್ಬರು ಇನ್ನೂ ಓಡುತ್ತಿದ್ದರೆ ಅದು ಬರೀ ಗುಂಪು. ಹಾಗಾಗಿ ರೀಬೌಂಡ್ (ಗುರಿ ತಪ್ಪಿ ಮರಳಿದ ಬಾಲ್) ಹಿಡಿದವನು ಬಾಲನ್ನು ತಲೆಯ ಮೇಲಿಟ್ಟುಕೊಂಡು ಪಾಯಿಂಟ್ ಗಾರ್ಡಿಗಾಗಿ ಹುಡುಕುತ್ತಾ ನಿಲ್ಲಬಾರದು. ಸೈಡ್ ಲೈನಿನ ಹತ್ತಿರ ಇರುವವನಿಗೆ ಕೂಡಲೇ ಕೊಡಬೇಕು, ಉಳಿದವರಲ್ಲಿ ಇಬ್ಬರು ಎರಡೂ ಬದಿಯ ಗೆರೆ ಹಿಡಿದು ಓಡಬೇಕು. ಇಷ್ಟನ್ನು ಚೆನ್ನಾಗಿ ಮಾಡುವ ತಂಡಕ್ಕೆ ಕೆಳಗಿನ ಪಾಠದ ಅರ್ಧ ಭಾಗ ಬೇಕಾಗುವುದೇ ಇಲ್ಲ.

ಸಂದಿಯಲ್ಲಿ ನಿಲ್ಲುವುದು

ಮ್ಯಾನ್-ಟು-ಮ್ಯಾನ್ ಕಲಿತ ಮಕ್ಕಳಿಗೆ ಡಿಫೆಂಡರನ ಪಕ್ಕ ಹೋಗಿ ನಿಲ್ಲುವ ಅಭ್ಯಾಸ ಇರುತ್ತದೆ. ಅವನನ್ನು ತಪ್ಪಿಸಿ ಓಡಬೇಕಲ್ಲ, ಅದಕ್ಕೆ. ಝೋನ್ ಎದುರು ಅದೇ ಅಭ್ಯಾಸ ಮುಳುವಾಗುತ್ತದೆ. ಡಿಫೆಂಡರನ ಪಕ್ಕ ನಿಂತರೆ ಅವನ ಕೆಲಸ ನಾವೇ ಹಗುರ ಮಾಡಿಕೊಟ್ಟ ಹಾಗೆ. ಇಬ್ಬರ ನಡುವಿನ ಸಂದಿಯಲ್ಲಿ ನಿಂತರೆ ಇಬ್ಬರಿಗೂ "ಇವನು ನನ್ನವನೋ ನಿನ್ನವನೋ" ಎಂಬ ಅನುಮಾನ. ನಮಗೆ ಬೇಕಾದ್ದು ಆ ಅನುಮಾನ.

ಇದನ್ನು ಕಲಿಸಲು ಬಾಯಿಗಿಂತ ಸೀಮೆಸುಣ್ಣ ಮೇಲು. ಕೋರ್ಟಿನ ಮೇಲೆ 2-3 ಝೋನಿನ (ಮುಂದೆ ಇಬ್ಬರು, ಹಿಂದೆ ಮೂವರು) ಐದು ಜಾಗಗಳಲ್ಲಿ ಐದು ಉಂಗುರ ಬರೆಯುತ್ತೇವೆ, ಒಂದೊಂದೂ ಒಂದು ಮೀಟರ್ ಅಗಲ. ಮುಂದಿನ ಎರಡು ಉಂಗುರ ಪೇಂಟಿನ ಮುಂಭಾಗದ ಫ್ರೀ ಥ್ರೋ ಗೆರೆಯ ಎರಡು ತುದಿಯಿಂದ ಒಂದು ಹೆಜ್ಜೆ ಮುಂದೆ, ಹಿಂದಿನ ಎರಡು ಪೇಂಟಿನ ಅಕ್ಕಪಕ್ಕ, ಇನ್ನೊಂದು ರಿಂಗಿನ ಮುಂದೆ. ಮಕ್ಕಳು ಎರಡು ಉಂಗುರಗಳಿಗೆ ಸಮದೂರದಲ್ಲಿ ಎಲ್ಲಾದರೂ ನಿಲ್ಲಬಹುದು, ಉಂಗುರದ ಎದುರಿಗೆ ನಿಲ್ಲುವಂತಿಲ್ಲ. ಸ್ವಲ್ಪ ಹೊತ್ತಿಗೆ ಅವರೇ ಐದು ಜಾಗ ಹುಡುಕಿಕೊಳ್ಳುತ್ತಾರೆ. ಟಾಪ್‌ನಲ್ಲಿ ಮುಂದಿನಿಬ್ಬರ ನಡುವೆ ಒಬ್ಬ. ಮುಂದಿನವನಿಗೂ ಹಿಂದಿನವನಿಗೂ ನಡುವೆ ಎರಡು ವಿಂಗುಗಳಲ್ಲಿ ಇಬ್ಬರು. ಮುಂದಿನಿಬ್ಬರ ಬೆನ್ನ ಹಿಂದೆ ಫ್ರೀ ಥ್ರೋ ಗೆರೆಯ ನಡುವೆ ಒಬ್ಬ, ಅದು ಹೈ ಪೋಸ್ಟ್. ಐದನೆಯವನು ಹಿಂದಿನ ಸಾಲಿನ ಬೆನ್ನ ಹಿಂದೆ, ಎಂಡ್ ಲೈನಿನ (ರಿಂಗಿನ ಹಿಂದಿನ ಕೋರ್ಟಿನ ಅಂಚುಗೆರೆ) ಬದಿಯ ಶಾರ್ಟ್ ಕಾರ್ನರ್‌ನಲ್ಲಿ.

ಶಾರ್ಟ್ ಕಾರ್ನರ್ ಎಲ್ಲಿದೆ ಎಂಬುದನ್ನು ಅಳತೆ ಹಿಡಿದೇ ತೋರಿಸಬೇಕು. ಈಗಿನ ಕೋರ್ಟಿನಲ್ಲಿ ಪೇಂಟ್ 4.9 ಮೀಟರ್ ಅಗಲದ ಆಯತ. ಅದರ ಅಂಚಿಗೂ ಮೂಲೆಯ ತ್ರೀ ಪಾಯಿಂಟ್ ಗೆರೆಗೂ ನಡುವೆ ನಾಲ್ಕು ಮೀಟರ್ ಚಿಲ್ಲರೆ ಜಾಗ ಇದೆ. ಅದರ ಅರ್ಧದಲ್ಲಿ, ಅಂದರೆ ಪೇಂಟಿನಿಂದ ಸುಮಾರು 2 ಮೀಟರ್ ಹೊರಗೆ ನಿಲ್ಲಬೇಕು. ಎಂಡ್ ಲೈನಿಗೆ ಅಂಟಿಕೊಂಡರೆ ಕೆಲಸ ಕೆಟ್ಟಿತು. ಬೋರ್ಡ್ ಎಂಡ್ ಲೈನಿನಿಂದ 1.2 ಮೀಟರ್ ಒಳಗಿದೆ, ಹಾಗಾಗಿ ಗೆರೆಯ ಮೇಲೆ ನಿಂತು ಶಾಟ್ ಎತ್ತಿದರೆ ಬಾಲ್ ಬೋರ್ಡಿನ ಅಂಚಿಗೆ ಬಡಿಯುತ್ತದೆ. ಕಾಯುವಾಗ ಗೆರೆಯ ಹತ್ತಿರ ಇರಲಿ, ಡಿಫೆಂಡರ್‌ಗೆ ಕಾಣದ ಜಾಗ ಅದು. ಬಾಲ್ ಬರುವಾಗ ಮಾತ್ರ ಎರಡು ಹೆಜ್ಜೆ ಮುಂದೆ ಬಂದು ಹಿಡಿಯಬೇಕು.

ಹಳೆಯ ಕೋರ್ಟುಗಳಲ್ಲಿ ಇನ್ನೊಂದು ತೊಂದರೆ ಇದೆ. ಪೇಂಟ್ ಆಯತವಾಗಿದ್ದು, ತ್ರೀ ಪಾಯಿಂಟ್ ಗೆರೆ 6.25ರಿಂದ 6.75 ಮೀಟರಿಗೆ ಸರಿದದ್ದು 2010ರಲ್ಲಿ. ಅದಕ್ಕೂ ಮೊದಲು ಬಣ್ಣ ಬಳಿದ ಕೋರ್ಟಿನಲ್ಲಿ ಪೇಂಟ್ ಕೆಳಗೆ ಅಗಲವಾಗುತ್ತಾ ಹೋಗಿ ಎಂಡ್ ಲೈನಿನಲ್ಲಿ 6 ಮೀಟರ್ ಆಗುತ್ತದೆ. ಅಂಥ ಕಡೆ ಅಭ್ಯಾಸ ಮಾಡಿದ ಮಕ್ಕಳು ಹೊಸ ಕೋರ್ಟಿಗೆ ಬಂದಾಗ ರಿಂಗಿನಿಂದ ಬೇಡದಷ್ಟು ದೂರ ನಿಲ್ಲುತ್ತಾರೆ. ಹೊಸದರಲ್ಲಿ ಕಲಿತವರು ಹಳೆಯದಕ್ಕೆ ಹೋದರೆ ಒಂದು ಕಾಲು ಗೆರೆಯೊಳಗೆ ಬಿದ್ದು ಮೂರು ಸೆಕೆಂಡಿಗೆ ಸೀಟಿ ಊದಿಸಿಕೊಳ್ಳುತ್ತಾರೆ. ಅಭ್ಯಾಸದ ಕೋರ್ಟು ಹಳೆಯದಾದರೆ ಹೊಸ ಗೆರೆಯನ್ನು ಸುಣ್ಣದಲ್ಲಾದರೂ ಎಳೆದುಕೊಳ್ಳುವುದು ಒಳ್ಳೆಯದು.

ಹೊರಗಿನವರ ನಡುವಿನ ದೂರ ಮಕ್ಕಳ ತೋಳಿನ ಬಲಕ್ಕೆ ತಕ್ಕ ಹಾಗೆ ಇರಬೇಕು. ದೊಡ್ಡವರ ಆಟ ನೋಡಿ ತ್ರೀ ಪಾಯಿಂಟ್ ಗೆರೆಯ ಆಚೆ ನಿಲ್ಲಿಸಿದರೆ ಪಾಸ್ ಗಾಳಿಯಲ್ಲಿ ತೇಲುತ್ತದೆ, ಝೋನ್ ಆರಾಮಾಗಿ ಸರಿದು ಬಂದು ಕಾಯುತ್ತದೆ. 12-13ರವರಿಗೆ 4ರಿಂದ 4.5 ಮೀಟರ್ ಸಾಕು. ಎದೆಯಿಂದ ಎದೆಗೆ ನೇರ ಹೋಗುವ ಪಾಸ್ ಎಷ್ಟು ದೂರ ಬರುತ್ತದೋ ಅಷ್ಟೇ ಅಂತರ.

ಪಾಸ್ ಫೇಕ್‌ಗೂ ಇಲ್ಲೇ ಜಾಗ. ಝೋನ್ ಆಡುವವರು ಬಾಲ್ ಜೊತೆ ಸರಿಯುವುದರಿಂದ ಫೇಕ್ ಹೆಚ್ಚು ಫಲಿಸುವುದು ಝೋನ್ ಎದುರಿಗೇ. ಕಬಡ್ಡಿ ಆಡಿದ ಮಕ್ಕಳಿಗೆ ಇದು ಬೇಗ ಹೊಳೆಯುತ್ತದೆ: ರೈಡರ್ ಒಂದು ಮೂಲೆಗೆ ಮೈ ವಾಲಿಸಿದರೆ ಇಡೀ ಚೈನ್ ಅತ್ತ ಎಳೆದುಕೊಳ್ಳುತ್ತದಲ್ಲ, ಇಲ್ಲಿಯೂ ಹಾಗೆ. ಮಕ್ಕಳು ಮಾಡುವ ತಪ್ಪು ಅವಸರ. ಡಿಫೆಂಡರನ ಕಣ್ಣಿಗೆ ಬೀಳುವ ಮೊದಲೇ ಫೇಕ್ ಮುಗಿದಿರುತ್ತದೆ. ಕಣ್ಣು, ಭುಜ, ಬಾಲ್ ಮೂರೂ ಒಂದೇ ಕಡೆ ಹೋಗಿ ಒಂದು ಕ್ಷಣ ನಿಲ್ಲಬೇಕು, ಅವನು ವಾಲಿದ ಮೇಲೆ ಬಾಲ್ ಎದೆಗೆ ವಾಪಸ್ ಬಂದು ಇನ್ನೊಂದು ಕಡೆ ಹೋಗಬೇಕು. ಮೇಲೆ ತೋರಿಸಿ ಕೆಳಗೆ, ಎಡಕ್ಕೆ ತೋರಿಸಿ ಬಲಕ್ಕೆ.

ಮಧ್ಯದ ಕ್ಯಾಚ್

ಹೈ ಪೋಸ್ಟಿನಲ್ಲಿ ಬಾಲ್ ಸಿಕ್ಕರೆ 2-3 ಝೋನಿಗೆ ಉತ್ತರ ಇಲ್ಲ ಎನ್ನುವುದಕ್ಕೆ ಕಾರಣ ಆ ಮಧ್ಯದ ಡಿಫೆಂಡರ್. ಮುಂದಿನಿಬ್ಬರ ಬೆನ್ನು ಬಾಲಿಗಿರುತ್ತದೆ, ಅವರು ಲೆಕ್ಕಕ್ಕಿಲ್ಲ. ರಿಂಗಿನ ಮುಂದೆ ನಿಂತ ಉದ್ದನೆಯ ಹುಡುಗ ಮೇಲೆ ಬರಬೇಕು ಅಥವಾ ಅಲ್ಲೇ ಇರಬೇಕು. ಬಂದರೆ ಅವನ ಬೆನ್ನ ಹಿಂದೆ ಶಾರ್ಟ್ ಕಾರ್ನರ್‌ನವನಿಗೆ ರಿಂಗ್ ಖಾಲಿ. ಬರದಿದ್ದರೆ ಬೋರ್ಡಿನಿಂದ 4.6 ಮೀಟರ್ ದೂರದಲ್ಲಿ, ದಿನಾ ಫ್ರೀ ಥ್ರೋ ಹಾಕಿ ಅಭ್ಯಾಸವಾದ ಜಾಗದಿಂದಲೇ ಶಾಟ್. ಅಮೆರಿಕದ ಸಿರಾಕ್ಯೂಸ್ ವಿಶ್ವವಿದ್ಯಾಲಯಕ್ಕೆ 1976ರಿಂದ 2023ರವರೆಗೆ ಕೋಚ್ ಆಗಿದ್ದ ಜಿಮ್ ಬೋಹೈಮ್ 2-3 ಝೋನಿಗೇ ಹೆಸರಾದವರು, 2003ರಲ್ಲಿ ಕಾಲೇಜು ಚಾಂಪಿಯನ್‌ಶಿಪ್ಪನ್ನೂ ಗೆದ್ದರು. ಅವರ ಉದ್ದ ಕೈಗಳ ಹುಡುಗರ ಎದುರು ಕೂಡ ಎದುರಾಳಿಗಳು ಮೊದಲು ಹುಡುಕುತ್ತಿದ್ದದ್ದು ಫ್ರೀ ಥ್ರೋ ಗೆರೆಯ ಆ ನಡುಭಾಗವನ್ನೇ.

ಅಲ್ಲಿ ಯಾರನ್ನು ಹಾಕಬೇಕು? ತಂಡದ ಅತಿ ಎತ್ತರದವನನ್ನು ಹಾಕುವುದು ರೂಢಿ. ನನ್ನ ಅಭಿಪ್ರಾಯ ಬೇರೆ. ಪಾಸ್ ಚೆನ್ನಾಗಿ ಕೊಡುವ, ಗದ್ದಲದಲ್ಲೂ ತಲೆ ಎತ್ತಿ ನೋಡುವ ಹುಡುಗ ಅಥವಾ ಹುಡುಗಿ ಅಲ್ಲಿರಬೇಕು. ಎತ್ತರ ಆಮೇಲಿನ ಮಾತು. ಎತ್ತರದವನು ಶಾರ್ಟ್ ಕಾರ್ನರ್‌ನಲ್ಲಿ ಕಾದಿದ್ದರೆ ರಿಂಗಿನ ಹತ್ತಿರವೇ ಇದ್ದಂತಾಯಿತು, ರೀಬೌಂಡಿಗೂ ಸಿಗುತ್ತಾನೆ.

ಈಗ ಕಾಲಿನ ವಿಷಯ. ಹೈ ಪೋಸ್ಟಿನವನು ಮೊದಲೇ ಅಲ್ಲಿ ಹೋಗಿ ನಿಂತಿರಬಾರದು. ನಿಂತವನನ್ನು ಮುಂದಿನಿಬ್ಬರು ಒತ್ತಿಕೊಂಡು ಮುಚ್ಚುತ್ತಾರೆ. ಬಾಲ್ ಇಲ್ಲದ ಬದಿಯಲ್ಲಿ, ಪೇಂಟಿನ ಹೊರಗೆ, ಹಿಂದಿನ ಸಾಲಿನ ಹತ್ತಿರ ಇದ್ದು, ಟಾಪ್‌ನಿಂದ ವಿಂಗಿಗೆ ಪಾಸ್ ಹೊರಟ ಕ್ಷಣ ಓಡಿ ಬರಬೇಕು. ವಿಂಗಿನವನ ಕೈಗೆ ಬಾಲ್ ಬೀಳುವುದೂ ಇವನು ಗೆರೆ ತಲುಪುವುದೂ ಒಟ್ಟಿಗೆ ಆಗಬೇಕು. ಒಂದು ಸೆಕೆಂಡ್ ಮುಂಚೆ ಬಂದರೆ ಮುಚ್ಚಿಹೋಗುತ್ತಾನೆ, ತಡವಾದರೆ ವಿಂಗಿನವನು ಬೇರೆ ಕಡೆ ನೋಡಿಬಿಟ್ಟಿರುತ್ತಾನೆ.

ಹಿಡಿಯುವಾಗ ಎರಡೂ ಪಾದ ಒಟ್ಟಿಗೆ ನೆಲ ಮುಟ್ಟಬೇಕು. ಜಂಪ್ ಸ್ಟಾಪ್. ಆಗ ಯಾವ ಕಾಲಿನ ಮೇಲೆ ಬೇಕಾದರೂ ತಿರುಗಬಹುದು. ಮೊಣಕಾಲು ಬಗ್ಗಿರಲಿ, ಬಾಲ್ ಗಲ್ಲದ ಕೆಳಗೆ, ಮೊಣಕೈ ಎರಡೂ ಹೊರಗೆ. ಬಾಲನ್ನು ಸೊಂಟಕ್ಕೆ ಇಳಿಸಿದರೆ ಮುಂದಿನಿಬ್ಬರು ಹಿಂದಿನಿಂದ ಕೈ ಹಾಕಿ ಎಗರಿಸುತ್ತಾರೆ. ಈ ವಯಸ್ಸಿನಲ್ಲಿ ಮಧ್ಯದಲ್ಲಿ ಕಳೆದುಹೋಗುವ ಬಾಲ್ ಬಹುಪಾಲು ಹೀಗೆಯೇ ಹೋಗುವುದು. ಹಿಡಿದವನು ಮಾಡುವ ಎರಡನೆಯ ತಪ್ಪು ಬಾಲ್ ಸಿಕ್ಕ ಕೂಡಲೇ ನೆಲಕ್ಕೆ ಹೊಡೆಯುವುದು. ನಾಲ್ವರ ನಡುವೆ ಡ್ರಿಬಲ್ ಉಳಿಯುವುದಿಲ್ಲ. ಮೂರನೆಯದು ರಿಂಗಿಗೆ ಬೆನ್ನು ಹಾಕಿಕೊಂಡೇ ಬಂದ ಕಡೆಗೆ ವಾಪಸ್ ಪಾಸ್ ಕೊಡುವುದು. ಹಾಗಾದರೆ ಅಲ್ಲಿಗೆ ಬಾಲ್ ತಂದು ಏನು ಸಿಕ್ಕಿತು?

ತಿರುಗಿದ ಮೇಲೆ ನೋಡುವುದಕ್ಕೂ ಒಂದು ಕ್ರಮ ಇದೆ. ಮೊದಲು ಕೆಳಗೆ, ಶಾರ್ಟ್ ಕಾರ್ನರ್‌ನವನನ್ನು. ನಂತರ ಬಾಲ್ ಬಂದ ಕಡೆಗೆ ಎದುರು ಬದಿಯ ವಿಂಗನ್ನು, ಏಕೆಂದರೆ ಝೋನ್ ಈಚೆಗೆ ವಾಲಿರುವುದರಿಂದ ಅವನ ಹತ್ತಿರ ಯಾರೂ ಇರುವುದಿಲ್ಲ. ಇಬ್ಬರೂ ಸಿಗದಿದ್ದರೆ ತನ್ನದೇ ಶಾಟ್. ಈ ಕ್ರಮವನ್ನು ತಲೆಕೆಳಗು ಮಾಡಿ ಮೊದಲು ಶಾಟ್ ನೋಡಲು ಹೇಳುವ ಕೋಚ್‌ಗಳೂ ಇದ್ದಾರೆ. ಹದಿನೇಳು-ಹದಿನೆಂಟರವರಿಗೆ ಅದು ಸರಿಯಿರಬಹುದು. ಸಣ್ಣವರಿಗೆ ಶಾಟ್ ಮೊದಲು ಎಂದರೆ ಶಾಟ್ ಮಾತ್ರ ಎಂದೇ ಕೇಳಿಸುತ್ತದೆ.

ಮೂರು ಸೆಕೆಂಡಿನ ಬಗ್ಗೆ ಒಂದು ಎಚ್ಚರ. ಫ್ರೀ ಥ್ರೋ ಗೆರೆಯೂ ಪೇಂಟಿನ ಭಾಗವೇ. ಹಿಮ್ಮಡಿ ಗೆರೆ ತುಳಿದರೂ ಒಳಗಿದ್ದಂತೆ. ಬಾಲ್ ಬಾರದೆ ಅಲ್ಲೇ ನಿಲ್ಲಬೇಕಾಗಿ ಬಂದರೆ ಎರಡೂ ಪಾದ ಗೆರೆ ತುಳಿಯದೆ ಅದರ ಆಚೆ ಪೂರ್ತಿ ಹೊರಗಿರಬೇಕು, ಇಲ್ಲವೇ ಎದುರು ಬದಿಗೆ ಹಾದು ಮತ್ತೆ ಓಡಿ ಬರಬೇಕು.

ಪಾಸ್ ಕೊಡುವವನ ಕಷ್ಟ ಬೇರೆ. ಟಾಪ್‌ನಿಂದ ನೇರ ಮಧ್ಯಕ್ಕೆ ಕೊಡುವುದು ಎಲ್ಲಕ್ಕಿಂತ ಕಠಿಣ, ಮುಂದಿನಿಬ್ಬರ ನಾಲ್ಕು ಕೈ ಅಲ್ಲೇ ಇರುತ್ತವೆ. ಅವನು ಎರಡು ಡ್ರಿಬಲ್‌ನಲ್ಲಿ ಒಬ್ಬ ಡಿಫೆಂಡರನ ಹೊರಭುಜದ ಕಡೆಗೆ ಸರಿದರೆ ಆ ಡಿಫೆಂಡರ್ ಜೊತೆಗೆ ಸರಿಯುತ್ತಾನೆ, ಇಬ್ಬರ ನಡುವಿನ ಸಂದಿ ಅಗಲವಾಗುತ್ತದೆ. ಆಗ ಕೊಡಬೇಕು. ವಿಂಗಿನಿಂದ ಸುಲಭ. ಆದರೆ ಅಲ್ಲಿಂದ ಮಕ್ಕಳು ತಲೆಯ ಮೇಲಿಂದ ಎತ್ತಿ ಹಾಕುತ್ತಾರೆ, ಬಾಲ್ ಕಮಾನಾಗಿ ಹೋಗುವಷ್ಟರಲ್ಲಿ ಯಾರದಾದರೂ ಬೆರಳು ತಾಗುತ್ತದೆ. ಕೈ ಎತ್ತಿ ನಿಂತವನ ಕಿವಿಯ ಪಕ್ಕದಿಂದ ನೇರ ಪಾಸ್, ಕೈ ಇಳಿಸಿದವನ ಭುಜದ ಮೇಲಿಂದ, ಕೈ ತೀರಾ ಮೇಲಿದ್ದರೆ ಮೊಣಕಾಲಿನ ಪಕ್ಕ ಬೌನ್ಸ್. ಹಿಡಿಯುವವನು ಡಿಫೆಂಡರ್‌ನಿಂದ ದೂರದ ಕೈಯನ್ನು ಚಾಚಿ ತೋರಿಸಬೇಕು, ಪಾಸ್ ಆ ಕೈಗೆ ಹೋಗಬೇಕು, ಎದೆಗಲ್ಲ.

ಅಭ್ಯಾಸ ಹೀಗೆ ಕಟ್ಟುತ್ತೇವೆ. ಮೊದಲು ನಾಲ್ವರ ಎದುರು ಮೂವರು: ಟಾಪ್, ಎರಡು ವಿಂಗ್, ಹೈ ಪೋಸ್ಟ್. ಎದುರಿಗೆ ಝೋನಿನ ಮುಂದಿನಿಬ್ಬರು ಮತ್ತು ಮಧ್ಯದವನು. ಬಾಲ್ ಒಮ್ಮೆ ಮಧ್ಯ ಮುಟ್ಟದೆ ಬಾಸ್ಕೆಟ್ ಲೆಕ್ಕಕ್ಕಿಲ್ಲ. ಐದು ನಿಮಿಷಕ್ಕೆ ಡಿಫೆನ್ಸ್ ಬದಲು. ಇದು ಹಿಡಿತಕ್ಕೆ ಬಂದ ಮೇಲೆ ಐವರ ಎದುರು ಐವರು, ಮಧ್ಯದ ಪ್ರತಿ ಕ್ಯಾಚಿಗೆ ಒಂದು ಅಂಕ, ಬಾಸ್ಕೆಟ್‌ಗೆ ಎರಡು. ಕೊನೆಗೆ ಡಿಫೆನ್ಸಿಗೆ ಆರನೆಯವನನ್ನು ಸೇರಿಸುತ್ತೇವೆ. ಆರು ಜನರ ನಡುವೆ ಸಂದಿ ಹುಡುಕಿದ ಮಕ್ಕಳಿಗೆ ಪಂದ್ಯದಲ್ಲಿ ಐವರು ಕಡಿಮೆ ಎನಿಸುತ್ತಾರೆ. ಒಂದೂವರೆ ಗಂಟೆಯ ಅಭ್ಯಾಸದಲ್ಲಿ ಇದಕ್ಕೆ 15-20 ನಿಮಿಷ ಸಾಕು. ಅದಕ್ಕಿಂತ ಹೆಚ್ಚಾದರೆ ಝೋನ್ ಆಡುವವರು ನಿಂತಲ್ಲೇ ನಿಂತು ಜಡವಾಗುತ್ತಾರೆ, ಸತ್ತ ಝೋನ್ ಎದುರು ಗೆದ್ದು ಏನೂ ಕಲಿತಂತಾಗುವುದಿಲ್ಲ. ಹಾಗಾಗಿ ಎರಡನೆಯ ತಂಡಕ್ಕೂ ಸರಿಯಾಗಿ ಝೋನ್ ಆಡುವುದನ್ನು ಕಲಿಸಿರಬೇಕು: ಬಾಲ್ ಗಾಳಿಯಲ್ಲಿರುವಾಗಲೇ ಸರಿಯಬೇಕು, ಕೈಗೆ ಬಿದ್ದ ಮೇಲಲ್ಲ.

ಡ್ರಿಬಲ್ ಎಷ್ಟು, ಪಾಸ್ ಎಷ್ಟು

ಝೋನ್ ಎದುರು ಡ್ರಿಬಲ್ ಮಾಡಲೇಬಾರದು ಎಂದು ಕಲಿಸುವವರಿದ್ದಾರೆ. ಅದು ಪೂರ್ತಿ ನಿಜವಲ್ಲ. ನಿಂತಲ್ಲೇ ಬಾಲ್ ಕುಟ್ಟುವುದು ವ್ಯರ್ಥ, ನಿಜ. ಆದರೆ ಇಬ್ಬರ ನಡುವಿನ ಸಂದಿಗೆ ಎರಡೇ ಡ್ರಿಬಲ್‌ನಲ್ಲಿ ನುಗ್ಗಿದರೆ ಇಬ್ಬರೂ ಮೇಲೆ ಬೀಳುತ್ತಾರೆ, ಅಂದರೆ ಎಲ್ಲೋ ಒಬ್ಬ ಖಾಲಿ. ಅಲ್ಲಿ ಜಂಪ್ ಸ್ಟಾಪ್ ಮಾಡಿ ಹೊರಗೆ ಪಾಸ್. ಮೂರನೆಯ ಡ್ರಿಬಲ್ ಹಾಕಿದರೆ ಎದುರಿನವನ ಎದೆಗೆ ಗುದ್ದಿ ಚಾರ್ಜ್ ಎಂಬ ಫೌಲ್, ಇಲ್ಲವೇ ಬಾಲ್ ಹಿಡಿದು ಹೆಚ್ಚು ಹೆಜ್ಜೆ ಹಾಕಿ ಟ್ರಾವೆಲಿಂಗ್.

"ಐದು ಪಾಸ್ ಆಗದೆ ಶಾಟ್ ಇಲ್ಲ" ಎಂಬ ನಿಯಮ ನಮ್ಮಲ್ಲಿ ಬಹಳ ಕಡೆ ಇದೆ. ನನಗೆ ಒಪ್ಪಿಗೆಯಿಲ್ಲ. ಮಕ್ಕಳು ಪಾಸ್ ಎಣಿಸುವುದರಲ್ಲಿ ಮುಳುಗಿ ರಿಂಗ್ ಕಡೆ ನೋಡುವುದನ್ನೇ ಬಿಡುತ್ತಾರೆ. ಮೂರನೆಯ ಪಾಸಿಗೇ ಖಾಲಿ ಸಿಕ್ಕಿದವನೂ ನಾಲ್ಕನೆಯದನ್ನು ಕೊಡುತ್ತಾನೆ. ಎದುರಿನವರಿಗೂ ಅದು ಬೇಗ ಗೊತ್ತಾಗಿ ಮೊದಲ ಐದಕ್ಕೆ ಸುಮ್ಮನೆ ನಿಂತಿರುತ್ತಾರೆ. ಇದರ ಬದಲು ಬಾಲ್ ಮಧ್ಯ ಮುಟ್ಟಬೇಕು ಅಥವಾ ಎರಡೂ ಬದಿ ಕಾಣಬೇಕು, ಆಮೇಲೆ ಯಾವಾಗ ಬೇಕಾದರೂ ಶಾಟ್ ಎಂದರೆ ಸಾಕು. ಲೇಅಪ್ (ರಿಂಗಿನ ಹತ್ತಿರಕ್ಕೆ ಓಡಿ ಹಾಕುವ ಸುಲಭದ ಶಾಟ್) ಸಿಕ್ಕರೆ ಈ ನಿಯಮವೂ ಇಲ್ಲ. 24 ಸೆಕೆಂಡಿನೊಳಗೆ ಶಾಟ್ ಹಾಕಲೇಬೇಕೆಂಬ ಗಡಿಯಾರ ಇಲ್ಲದ ಕೂಟದಲ್ಲಿ ತಾಳ್ಮೆಯಿಂದ ಆಡಬಹುದು. ಇದ್ದರೆ ಎಂಟು ಸೆಕೆಂಡಿನೊಳಗೆ ಅರ್ಧ ಕೋರ್ಟ್ ದಾಟಬೇಕಲ್ಲ, ಅದರಲ್ಲಿ ನಾಲ್ಕೈದಕ್ಕೇ ದಾಟಿ, ಉಳಿದದ್ದನ್ನು ಝೋನ್ ಅಲ್ಲಾಡಿಸಲು ಇಟ್ಟುಕೊಳ್ಳಬೇಕು.

ಒಂದು ವಿಂಗಿನಿಂದ ಇನ್ನೊಂದು ವಿಂಗಿಗೆ ಹಾರಿಸುವ ಸ್ಕಿಪ್ ಪಾಸ್ ನೋಡಲು ಚೆಂದ. ದೂರ ಒಂಬತ್ತು-ಹತ್ತು ಮೀಟರ್. ಹದಿಮೂರರವನ ತೋಳಿಗೆ ಅದು ಭಾರ, ಬಾಲ್ ತೇಲಿ ನಡುವೆ ಸಿಕ್ಕಿಬಿದ್ದರೆ ಆ ಕಡೆ ನೇರ ಲೇಅಪ್. ಅಷ್ಟು ಬಲ ಬರುವವರೆಗೆ ಅದನ್ನು ಕಲಿಸದಿರುವುದೇ ಮೇಲು. ಬದಿ ಬದಲಿಸಲು ಹೈ ಪೋಸ್ಟ್ ಮೂಲಕ ಎರಡು ಸಣ್ಣ ಪಾಸ್ ಸಾಕು, ಹೊತ್ತೂ ಅಷ್ಟೇ.

ಒಂದು ಬದಿಗೆ ಜನ ಹೆಚ್ಚಿಸುವುದು

ಓವರ್‌ಲೋಡ್ ಎಂದರೆ ಒಂದೇ ಬದಿಯಲ್ಲಿ ಅವರು ಮೂವರಿದ್ದರೆ ನಾವು ನಾಲ್ವರಾಗುವುದು. ಬಲಬದಿಯಲ್ಲಿ ಒಮ್ಮೆ ಆಡಿ ನೋಡೋಣ. ಟಾಪ್‌ನಿಂದ ಬಲ ವಿಂಗಿಗೆ ಪಾಸ್. ಎಡ ವಿಂಗಿನವನು ಎಂಡ್ ಲೈನಿನ ಗುಂಟ, ಝೋನಿನ ಬೆನ್ನ ಹಿಂದಿನಿಂದ ಓಡಿ ಬಲ ಕಾರ್ನರ್‌ಗೆ ಬರುತ್ತಾನೆ. ಟಾಪ್‌ನವನು ಎರಡು ಹೆಜ್ಜೆ ಎಡಕ್ಕೆ ಸರಿದು ನಿಲ್ಲುತ್ತಾನೆ. ಈಗ ಬಲಕ್ಕೆ ವಿಂಗ್, ಕಾರ್ನರ್, ಶಾರ್ಟ್ ಕಾರ್ನರ್, ಮಧ್ಯದಲ್ಲಿ ಹೈ ಪೋಸ್ಟ್. ವಿಂಗಿನಿಂದ ಕಾರ್ನರ್‌ಗೆ ಪಾಸ್ ಹೋದಾಗ ಹಿಂದಿನ ಸಾಲಿನ ಬಲಗಡೆಯವನೇ ಹೊರಗೆ ಬರಬೇಕು, ಬೇರೆ ಯಾರಿಗೂ ಆ ದೂರ ಸಾಲದು. ಅವನು ಬಂದ ಮೇಲೆ ಶಾರ್ಟ್ ಕಾರ್ನರ್‌ನವನನ್ನು ರಿಂಗಿನ ಮುಂದಿನ ಉದ್ದನೆಯವನು ನೋಡಿಕೊಳ್ಳಬೇಕು. ಅವನು ಅಲ್ಲಿಗೆ ಹೆಜ್ಜೆ ಹಾಕಿದರೆ ರಿಂಗಿನ ಮುಂದೆ ಯಾರೂ ಇಲ್ಲ. ಹೈ ಪೋಸ್ಟಿನವನು ಆ ಖಾಲಿ ಜಾಗಕ್ಕೆ ನೇರ ಇಳಿಯಬೇಕು, ಕಾರ್ನರ್‌ನಿಂದಲೋ ಶಾರ್ಟ್ ಕಾರ್ನರ್‌ನಿಂದಲೋ ಬಾಲ್ ಅವನಿಗೆ.

ಕಾಗದದ ಮೇಲೆ ಸುಲಭವಾಗಿ ಕಾಣುವ ಇದು ಕೋರ್ಟಿನಲ್ಲಿ ಕೆಡುವುದು ಎರಡು ಕಡೆ. ಕಾರ್ನರ್‌ನವನು ಗೆರೆಗೆ ತೀರಾ ಅಂಟಿ ನಿಂತು, ಎಂಡ್ ಲೈನ್, ಸೈಡ್ ಲೈನ್ ಎರಡೂ ಅವನಿಗೆ ಡಿಫೆಂಡರ್ ಆಗಿಬಿಡುತ್ತವೆ. ಇಬ್ಬರು ಬಂದು ಮುತ್ತಿದರೆ ಕಾಲಿಡಲು ಜಾಗವಿಲ್ಲ. ಒಂದು ಮೀಟರ್ ಒಳಗಿರಬೇಕು. ಇನ್ನೊಂದು, ಹೈ ಪೋಸ್ಟಿನವನು ಪಾಸ್ ಕಾರ್ನರ್‌ಗೆ ಹೊರಟ ಕೂಡಲೇ ಇಳಿದುಬಿಡುತ್ತಾನೆ. ಉದ್ದನೆಯವನು ಇನ್ನೂ ಅಲ್ಲೇ ಇರುತ್ತಾನೆ. ಇಳಿಯಬೇಕಾದದ್ದು ಬಾಲ್ ನೋಡಿ ಅಲ್ಲ, ಆ ಉದ್ದನೆಯವನ ಪಾದ ನೋಡಿ. ಅವನ ಪಾದ ಹೊರಬದಿಗೆ ಎದ್ದಾಗ ಇಳಿ. ಇದು ಮಕ್ಕಳಿಗೆ ಕೂರಲು ಹೊತ್ತು ಹಿಡಿಯುತ್ತದೆ, ಒಮ್ಮೆ ಕೂತರೆ ಹೇಳಬೇಕಾಗುವುದಿಲ್ಲ.

ಝೋನಿನ ಡಿಫೆಂಡರ್‌ಗೆ ಸ್ಕ್ರೀನ್ ಹಾಕುವುದು, ಅಂದರೆ ಅಡ್ಡ ನಿಂತು ಅವನ ದಾರಿ ತಡೆಯುವುದು, ಇದರ ಮುಂದಿನ ಪಾಠ. ಹಿಂದಿನ ಸಾಲಿನ ಹೊರಗಿನವನನ್ನು ಶಾರ್ಟ್ ಕಾರ್ನರ್‌ನವನು ಒಳಬದಿಗೆ ತಡೆದು ಹಿಡಿದರೆ ಕಾರ್ನರ್ ಶೂಟರ್‌ಗೆ ಬೇಕಾದಷ್ಟು ಹೊತ್ತು. 15 ದಾಟಿದವರಿಗೆ ಇದು ಸರಿ. ಅದಕ್ಕಿಂತ ಸಣ್ಣವರು ಸ್ಕ್ರೀನ್ ಹಾಕಲು ಹೋಗಿ ಸರಿಯುತ್ತಾ ಫೌಲ್ ಮಾಡುತ್ತಾರೆ.

ರೀಬೌಂಡ್, ಮತ್ತೆ ಬದಲಾದ ಝೋನ್

ಝೋನಿನ ದೊಡ್ಡ ದೌರ್ಬಲ್ಯ ಶಾಟ್ ಆದ ಮೇಲೆ ಕಾಣುತ್ತದೆ. ಮ್ಯಾನ್-ಟು-ಮ್ಯಾನ್‌ನಲ್ಲಿ ಪ್ರತಿಯೊಬ್ಬನಿಗೂ ಬಾಕ್ಸ್ ಔಟ್ ಮಾಡಲು (ಬೆನ್ನಿನಿಂದ ತಡೆದು ರೀಬೌಂಡಿನಿಂದ ದೂರ ಇಡಲು) ಒಬ್ಬ ಗೊತ್ತಿರುತ್ತಾನೆ. ಝೋನಿನಲ್ಲಿ ಅವರು ಕಾಯುತ್ತಿದ್ದದ್ದು ಜಾಗವನ್ನು, ಹಾಗಾಗಿ ಶಾಟ್ ಏಳುವಾಗ ಎಲ್ಲರೂ ತಲೆ ಎತ್ತಿ ಬಾಲ್ ನೋಡುತ್ತಾರೆ. ಬದಿಯಿಂದ ಹಾಕಿದ ಶಾಟ್ ತಪ್ಪಿದರೆ ಬಾಲ್ ಹೆಚ್ಚಾಗಿ ಎದುರು ಬದಿಗೆ ಬೀಳುತ್ತದೆ. ಅಲ್ಲಿಗೆ ಒಬ್ಬ ಮೊದಲೇ ಹೋಗಿರಬೇಕು, ರಿಂಗಿನ ಮುಂದೆ ಒಬ್ಬ, ಶಾಟಿನ ಬದಿಯಲ್ಲಿ ಒಬ್ಬ. ಉಳಿದಿಬ್ಬರು ಹಿಂದಕ್ಕೆ. ಐವರೂ ನುಗ್ಗಿದರೆ ಆ ಕಡೆ ಫಾಸ್ಟ್ ಬ್ರೇಕ್ (ಅವರ ವೇಗದ ಮರುದಾಳಿ) ತಡೆಯಲು ಯಾರೂ ಉಳಿಯುವುದಿಲ್ಲ. ಬಾಲ್ ರಿಂಗಿಗೆ ತಾಗಿ ನಮಗೇ ಮತ್ತೆ ಸಿಕ್ಕರೆ ಗಡಿಯಾರ 14ರಿಂದ ಶುರು, ಮೂಲೆ ಮೂಲೆಗೆ ಹೋಗಿ ಪುನಃ ನಿಲ್ಲುವಷ್ಟು ಹೊತ್ತಿಲ್ಲ. ರೀಬೌಂಡ್ ಹಿಡಿದವನಿಗೆ ಶಾಟ್ ಇಲ್ಲದಿದ್ದರೆ ನೇರ ಹೈ ಪೋಸ್ಟಿಗೆ ಕೊಡಲಿ. ಝೋನ್ ಆಗ ಒಳಗೆ ಮುದುಡಿರುತ್ತದೆ.

ಇಷ್ಟರಲ್ಲಿ ಎದುರಿನ ಕೋಚ್ ಟೈಮ್ ಔಟ್ ತೆಗೆದುಕೊಂಡು 1-3-1ಕ್ಕೆ (ಮುಂದೆ ಒಬ್ಬ, ನಡುವೆ ಮೂವರು, ಹಿಂದೆ ಒಬ್ಬ) ಬದಲಿಸುತ್ತಾನೆ, ಏಕೆಂದರೆ ಅದು ಮಧ್ಯವನ್ನೇ ಮುಚ್ಚುತ್ತದೆ. ಗಾಬರಿ ಬೇಡ. ಮುಂದೆ ಒಬ್ಬ ಕಂಡರೆ ಟಾಪ್‌ನಲ್ಲಿ ಇಬ್ಬರು, ಎರಡೂ ಕಾರ್ನರ್‌ನಲ್ಲಿ ಒಬ್ಬೊಬ್ಬ, ಮಧ್ಯದವನು ಮಧ್ಯದಲ್ಲೇ. ಕೆಳಗೆ ಎರಡೂ ಮೂಲೆಗೆ ಅವರ ಕಡೆ ಓಡಬೇಕಾದವನು ಒಬ್ಬನೇ, ಅವನು ಸಾಮಾನ್ಯವಾಗಿ ಗಿಡ್ಡ ಗಾರ್ಡ್. ಬಾಲ್ ಎರಡು ಸಲ ಮೂಲೆಯಿಂದ ಮೂಲೆಗೆ ಹೋಗಿ ಬಂದರೆ ಅವನು ತಡವಾಗುತ್ತಾನೆ. ಅರ್ಧ ಗೆರೆ ದಾಟಿದ ಕೂಡಲೇ ಮೂಲೆಯಲ್ಲಿ ಡ್ರಿಬಲ್ ನಿಲ್ಲಿಸುವುದೊಂದನ್ನು ಮಾತ್ರ ಮಾಡಬಾರದು. 1-3-1 ಆಡುವವರು ಇಬ್ಬರಾಗಿ ಮುತ್ತಲು ಕಾದಿರುವುದು ಅಲ್ಲಿಯೇ.